ಅರವತ್ತು ಮಿಲಿಲೀಟರ್ ಎಣ್ಣೆ

ಅಕ್ಕನಿಗೆ ವೇಲಚೇರಿಯ ಒಂದು ಶ್ರವಣ ಪರೀಕ್ಷಾ ಚಿಕಿತ್ಸಾಲಯದಲ್ಲಿ ಕೆಲಸ ಶುರುವಾದದ್ದು ಫೆಬ್ರವರಿ ಹದಿನಾರು, ಸೋಮವಾರ. ಮಕ್ಕಳಿಗೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವುದು ಅವಳ ವಿದ್ಯೆ. ಮೂರು ತಿಂಗಳ ಪ್ರಾಯೋಗಿಕ ನೇಮಕ, ಮೇ ಹದಿನೈದರ ತನಕ. ಅಷ್ಟರಲ್ಲಿ ಆರು ದಿನ ತಪ್ಪಬಹುದು. ಬರದೇ ಇದ್ದರೂ ಒಂದೇ, ಒಂಬತ್ತು ಗಂಟೆ ದಾಟಿ ಬಂದರೂ ಒಂದೇ. ಏಳನೆಯ ದಿನ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಕಟುವಾಗಿ ಹೇಳಲಿಲ್ಲ. ಬಸ್ಸಿನಲ್ಲಿ ಮಕ್ಕಳನ್ನು ಎತ್ತಿಕೊಂಡು ಬರುವ ತಾಯಂದಿರನ್ನು ವಾಪಸು ಕಳಿಸಲಾಗುವುದಿಲ್ಲ ಎಂದರು. ಅದು ನ್ಯಾಯವೇ. ಮನೆಗೆ ಬಂದು ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ಆರು ಚೌಕ ಬರೆದೆ.

ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆ ಸವೆಯುವ ಕಾಯಿಲೆ. ಕಾಯಿಲೆಗೆ ಹಲವು ಮುಖಗಳಿವೆ, ಅವಳಿಗೆ ಬಂದ ಮುಖ ಸೆಕೆ. ಮೈ ಅರ್ಧ ಡಿಗ್ರಿ ಬಿಸಿಯಾದರೆ ಸಾಕು, ಕಾಲು ಅವಳ ಮಾತು ಕೇಳುವುದಿಲ್ಲ, ಬಲಗಣ್ಣು ಮಂಜಾಗುತ್ತದೆ. ತಣ್ಣಗೆ ಮಲಗಿದರೆ ಎರಡು ಮೂರು ಗಂಟೆಯಲ್ಲಿ ಎಲ್ಲ ವಾಪಸು ಬರುತ್ತದೆ. ಅಂಥವಳು ಹುಟ್ಟಿ ಬೆಳೆದದ್ದು ಚೆನ್ನೈನಲ್ಲಿ. ನಮ್ಮ ತಂದೆ ರೈಲ್ವೆಯಲ್ಲಿದ್ದರು. ಮಂಡ್ಯದ ಕಡೆಯಿಂದ ಬಂದು ಇಲ್ಲೇ ಉಳಿದವರು. ಅಮ್ಮ ತೀರಿಕೊಂಡು ಒಂಬತ್ತು ವರ್ಷ. ಅಯನಾವರದ ಎರಡು ಕೋಣೆಯ ಮನೆಯಲ್ಲಿ ನಾವು ಮೂವರೇ.

ಮನೆಯಲ್ಲಿ ಅಕ್ಕನ ಕೋಣೆ ತಂಪು. ಚಿಕಿತ್ಸಾಲಯದಲ್ಲಿ ಅವಳು ಕೂರುವ ಕೋಣೆಯೂ ತಂಪು. ತೊಂದರೆ ಇದ್ದದ್ದು ನಡುವಿನ ಹದಿನೆಂಟು ಕಿಲೋಮೀಟರಿನಲ್ಲಿ. ರೈಲಿನಲ್ಲಿ ಕರೆದೊಯ್ಯುವ ಹಾಗಿರಲಿಲ್ಲ. ಬಾಡಿಗೆ ಕಾರುಗಳನ್ನು ಮೊದಲ ಎರಡು ವಾರ ಪ್ರಯತ್ನಿಸಿದೆ. ಮೂವತ್ತೊಂದು ಸಲ ಕರೆದಿದ್ದೇನೆ. ಹದಿನಾಲ್ಕು ರದ್ದು, ಅದರಲ್ಲಿ ಆರು ಜನ ಗೇಟಿನ ತನಕ ಬಂದು ಗಾಲಿಕುರ್ಚಿ ನೋಡಿ ಹಾಗೇ ಹೋದವರು. ಬಂದವರಲ್ಲಿ ಐವರು ಎಸಿ ಹಾಕುವುದಿಲ್ಲ ಎಂದರು. ಹೀಗಾಗಿ ಮಾರ್ಚ್ ಮೊದಲ ವಾರ ಒಂದು ವ್ಯಾನು ತಂದೆವು. ಒಂದು ಹೋಟೆಲು ತನ್ನ ಅತಿಥಿಗಳಿಗೆಂದು ಇಟ್ಟುಕೊಂಡಿದ್ದ ಹಳೆಯ ವಿದ್ಯುತ್ ವ್ಯಾನು. ಹಿಂದೆ ಇಳಿಜಾರು ಹಲಗೆ ಇತ್ತು, ಕುರ್ಚಿ ಸಮೇತ ಅಕ್ಕನನ್ನು ಒಳಗೆ ತಳ್ಳಬಹುದಿತ್ತು. ಓಡಿಸುವವಳು ನಾನು. ಒಂದು ಔಷಧ ಗೋದಾಮಿನ ದಾಸ್ತಾನು ಲೆಕ್ಕವನ್ನು ಮನೆಯಿಂದಲೇ ಕಂಪ್ಯೂಟರಿನಲ್ಲಿ ಬರೆಯುವ ಕೆಲಸ ನನ್ನದು. ಬೆಳಗ್ಗೆ ಸಂಜೆ ಹೇಗೂ ಬಿಡುವು.

ಏಪ್ರಿಲ್ ಹದಿನೇಳು, ಶುಕ್ರವಾರ, ಗಿಂಡಿಯ ಸಿಗ್ನಲ್ಲಿನಲ್ಲಿ ಮೊದಲ ಸಲ ಎಸಿ ನಿಂತಿತು. ಗಾಳಿ ಬರುತ್ತಿತ್ತು, ತಂಪು ಇರಲಿಲ್ಲ. ಆರು ನಿಮಿಷದ ಮೇಲೆ ತಾನಾಗಿ ಬಂತು, ಆಮೇಲೆ ಮತ್ತೆ ಹೋಯಿತು. ಅಲ್ಲಿಂದ ಮೇ ಎರಡರವರೆಗೆ ಹದಿಮೂರು ಕೆಲಸದ ದಿನ. ಒಂಬತ್ತು ದಿನ ದಾರಿಯಲ್ಲಿ ನಿಂತಿತು. ಕುತ್ತಿಗೆಗೆ ಐಸಿನ ಪೊಟ್ಟಣ ಕಟ್ಟಿದೆ, ಒದ್ದೆ ಟವೆಲ್ ಹೊದಿಸಿದೆ. ಎರಡು ದಿನ ಬೆಳಗ್ಗೆ ಐದೂವರೆಗೇ ಹೊರಟೆವು. ಕಟ್ಟಡದ ಬಾಗಿಲು ಎಂಟೂವರೆಗೆ ಮುಂಚೆ ತೆರೆಯುವುದಿಲ್ಲ, ಕಾವಲುಗಾರ ಕೈ ಅಲ್ಲಾಡಿಸಿಬಿಟ್ಟ, ಬೀದಿಯಲ್ಲೇ ಬೆವರುತ್ತ ಕೂತೆವು. ನಾಲ್ಕು ದಿನ ಅಕ್ಕ ಕೆಲಸ ಮಾಡುವ ಸ್ಥಿತಿಯಲ್ಲಿ ತಲುಪಲಿಲ್ಲ. ಮಾರ್ಚಿನಲ್ಲಿ ಜ್ವರ ಬಂದು ಒಂದು ಚೌಕ ಹೋಗಿತ್ತು. ಒಟ್ಟು ಐದು.

ಸರ್ವಿಸ್ ಸೆಂಟರಿಗೆ ಎರಡು ಸಲ ಒಯ್ದೆ. ಒತ್ತಡದ ಸ್ವಿಚ್ ಇರಬಹುದು ಎಂದರು. ಎಸಿಯ ಕೊಳವೆಯೊಳಗೆ ಅನಿಲದ ಒತ್ತಡ ಮಿತಿ ಮೀರಿದರೆ ಕಂಪ್ರೆಸರನ್ನು ನಿಲ್ಲಿಸುವ ಸಣ್ಣ ಬಿಲ್ಲೆ ಅದು, ಹೆಬ್ಬೆರಳಿನಷ್ಟು. ಹಳೆಯ ಮಾದರಿ, ಭಾಗ ಬರಲು ಒಂದು ತಿಂಗಳಾದರೂ ಬೇಕು ಎಂದರು. ನಮಗಿದ್ದದ್ದು ಎರಡು ವಾರ.

ಈ ಮಾತು ಹೇಳಿದಾಗ ಅಪ್ಪ ಊಟ ಮಾಡುತ್ತಿದ್ದರು.

"ಸ್ವಿಚ್‌ಗೆ ಒಂದ್ ತಿಂಗ್ಳಾ? ನಾನ್ ಷೆಡ್ಡಲ್ಲಿ ಸ್ವಿಚ್ಚಿಗೆ ಒಂದ್ ಗಂಟೆ ತಗೊಂಡಿದ್ರೆ ಫೋರ್‌ಮನ್ ನನ್ ಚಪ್ಲೀಲೇ ನಂಗ್ ಹೊಡೀತಿದ್ದ."

"ಅಪ್ಪಾ, ಇದು ಕರೆಂಟ್ ಗಾಡಿ," ಅಂದೆ.

"ರೈಲೇನು ಸೀಮೆಎಣ್ಣೇಲಿ ಓಡ್ತಿತ್ತಾ?"

ಅಪ್ಪ ಮೂವತ್ತನಾಲ್ಕು ವರ್ಷ ಎಸಿ ಬೋಗಿಗಳ ಮೆಕ್ಯಾನಿಕ್. ನಿವೃತ್ತರಾಗಿ ಎಂಟು ವರ್ಷ. ಆ ಎಂಟು ವರ್ಷದಲ್ಲಿ ನೆರೆಹೊರೆಯವರ ಫ್ರಿಜ್ಜು ಒಂದೆರಡು ಬಿಟ್ಟರೆ ಅವರ ಕೈಗೆ ಕೆಲಸ ಬಂದಿರಲಿಲ್ಲ. ಮಂಚದ ಕೆಳಗಿನ ಟ್ರಂಕಿನಲ್ಲಿ ಒತ್ತಡ ಅಳೆಯುವ ಜೋಡಿ ಗಡಿಯಾರ, ಕೆಂಪು ನೀಲಿ ರಬ್ಬರು ಕೊಳವೆ, ಸ್ಪ್ಯಾನರುಗಳು, ಎಲ್ಲವನ್ನೂ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದರು. ಮರುದಿನವೇ ಆ ಪಂಚೆ ಬಿಚ್ಚಿತು.

ಅಪ್ಪ ಕೆಲಸ ಮಾಡುವ ರೀತಿ ಹೇಳಬೇಕು. ಷೆಡ್ಡಿನಲ್ಲಿ ಒಬ್ಬ ಓದುತ್ತಾನೆ, ಇನ್ನೊಬ್ಬ ಬರೆದುಕೊಂಡು ಗಟ್ಟಿಯಾಗಿ ತಿರುಗಿ ಹೇಳುತ್ತಾನೆ. ಹೇಳಿದ್ದು ಸರಿಯಾಗಿದ್ದರೆ ಓದಿದವನು 'ಹ್ಞೂಂ' ಅನ್ನಬೇಕು. ಅಲ್ಲಿಯವರೆಗೆ ಮುಂದಿನ ನಟ್ಟು ಮುಟ್ಟುವಂತಿಲ್ಲ. ನಾನು ಎರಡನೇ ತರಗತಿಯಲ್ಲಿದ್ದಾಗಿನಿಂದ ಅಪ್ಪ ಮನೆಯ ನೀರಿನ ಮೀಟರು, ಕರೆಂಟಿನ ಮೀಟರು, ಅಮ್ಮನ ಸಕ್ಕರೆ, ಎಲ್ಲವನ್ನೂ ಹೀಗೆಯೇ ಓದಿ ನನ್ನಿಂದ ಬರೆಸಿದ್ದಾರೆ. ನಾನು ದಿನಚರಿ ಬರೆಯುವವಳಾದದ್ದು ಹೀಗೆ. ಬರೆದದ್ದನ್ನು ತಪ್ಪಿಲ್ಲದೆ ತಿರುಗಿ ಹೇಳುವುದರಲ್ಲಿ ಇವತ್ತಿಗೂ ನನಗೆ ಹೆಮ್ಮೆ ಇದೆ, ಇತ್ತು.

ಶನಿವಾರ ಸಂಜೆ, ಮೇ ಎರಡು, ನೆರಳಿನಲ್ಲಿ ವ್ಯಾನು ನಿಲ್ಲಿಸಿ ಗಡಿಯಾರ ಜೋಡಿಸಿದರು.

"ಹೊರಗೆ ಮೂವತ್ತೇಳು ಡಿಗ್ರಿ. ಕೆಂಪು ಇನ್ನೂರಾ ನಲವತ್ತು. ನೀಲಿ ನಲವತ್ತು."

"ಮೂವತ್ತೇಳು. ಇನ್ನೂರಾ ನಲವತ್ತು. ನಲವತ್ತು."

"ಹ್ಞೂಂ."

ಹನ್ನೆರಡನೆಯ ನಿಮಿಷಕ್ಕೆ ಕಂಪ್ರೆಸರು ನಿಂತಿತು. ಮುಳ್ಳು ಇನ್ನೂರಾ ನಲವತ್ತರಲ್ಲೇ ಇತ್ತು. ಮಿತಿ ಅದಕ್ಕಿಂತ ಎಷ್ಟೋ ಮೇಲೆ. ಅಪ್ಪ ಮೂರು ಸಲ ಹಾಗೆ ಮಾಡಿ ನೋಡಿದರು, ಮೂರು ಸಲವೂ ಸ್ವಿಚ್ ಬಿಸಿಯಾದ ಮೇಲೆ ಸುಳ್ಳೇ ನಿಲ್ಲಿಸಿತು. ಒದ್ದೆ ಬಟ್ಟೆ ಹಾಕಿದರೆ ಮತ್ತೆ ಓಡಿತು.

"ಗಾಡಿಗೆ ಕಾಯ್ಲೆ ಇಲ್ಲ ಮಗಾ. ಕಾಯ್ಲೆ ಅಂತ ಕೂಗೋನಿಗೇ ಕಾಯ್ಲೆ," ಅಂದರು.

ಅಕ್ಕ ಕಿಟಕಿಯಿಂದ ನೋಡುತ್ತಿದ್ದಳು. "ನನಗೂ ಒಂದು ಬಟ್ಟೆ ಹಾಕಿ ಓಡ್ತೀನಾ ನೋಡಪ್ಪ," ಅಂದಳು. ಅಪ್ಪ ನಕ್ಕರು. ಅವರು ನಗುವುದನ್ನು ಬಹಳ ದಿನದ ಮೇಲೆ ಕಂಡೆ.

ಅವರ ತೀರ್ಮಾನ ಸರಿಯಾಗಿತ್ತು. ಇದನ್ನು ಒತ್ತಿ ಬರೆಯುತ್ತೇನೆ. ಕೆಟ್ಟದ್ದು ಸ್ವಿಚ್ಚೇ. ಹೊಸ ಸ್ವಿಚ್ಚನ್ನು ಹಾಕಿದ್ದೂ ಸರಿಯಾಗಿಯೇ.

ಆ ರಾತ್ರಿಯೊಳಗೆ ಅಪ್ಪ ಪುದುಪೇಟೆಗೆ ಹೋಗಿಬಂದರು. ಗಾಡಿಗಳ ಬಿಡಿಭಾಗಕ್ಕೆ ಆ ಬೀದಿಯಲ್ಲಿ ಇಲ್ಲ ಎನ್ನುವುದಿಲ್ಲ. ಅದೇ ತಿರುಪಿನ ಅಳತೆ, ತಂತಿ ಸಿಕ್ಕಿಸುವ ಅದೇ ಮೂರು ಕಡ್ಡಿ, ಅದೇ ಮಿತಿಯ ಹೊಸ ಸ್ವಿಚ್ ತಂದರು. ಅದೇ ಅನಿಲದ ಡಬ್ಬಿಗಳನ್ನೂ ತಂದರು. ಅಂಗಡಿಯವನನ್ನು ಆ ಅನಿಲಕ್ಕೆ ಹೊಂದುವ ಎಣ್ಣೆ ಕೇಳಿದರು. ಕಾರುಗಳಿಗೆಲ್ಲ ಅದೇ ಹಾಕುವುದೆಂದು ಅವನು ಒಂದು ಸೀಸೆ ಕೊಟ್ಟ. ಕೇಳಿದ್ದನ್ನು ಕೊಟ್ಟ, ಅವನದೇನೂ ತಪ್ಪಿಲ್ಲ.

ಮೇ ಮೂರು, ಭಾನುವಾರ, ಬೆಳಗ್ಗೆ ಆರೂ ಹತ್ತಕ್ಕೆ ಕೆಲಸ ಶುರು. ನನಗೆ ಭಯವಿದ್ದದ್ದು ವಿದ್ಯುತ್ತಿನದು. ವ್ಯಾನಿನ ಕಂಪ್ರೆಸರಿಗೆ ಬರುವ ಕಿತ್ತಳೆ ಬಣ್ಣದ ತಂತಿಯಲ್ಲಿ ಮನುಷ್ಯನನ್ನು ಒಂದೇ ಏಟಿಗೆ ಮುಗಿಸುವಷ್ಟು ವೋಲ್ಟು ಇರುತ್ತದೆ. ಅಪ್ಪನಿಗೂ ಅದು ಗೊತ್ತಿತ್ತು. ವ್ಯಾನಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಹಾಗೆ ಬ್ಯಾಟರಿಯ ವಿದ್ಯುತ್ತನ್ನು ಕಡಿಯುವ ಪ್ಲಗ್ಗು ಕಿತ್ತು ನನ್ನ ಜೇಬಿಗೆ ಹಾಕಿದರು. ಹತ್ತು ನಿಮಿಷ ಕಾಯಿರಿ ಎಂದಿತ್ತು, ಇಪ್ಪತ್ತು ನಿಮಿಷ ಕಾದೆವು. ರಬ್ಬರಿನ ಕೈಗವಸು ಹಾಕಿದ ಮೇಲೂ ಕಿತ್ತಳೆ ತಂತಿಯ ಹತ್ತಿರ ಬೆರಳು ಒಯ್ಯಲಿಲ್ಲ. ಅಷ್ಟು ಜಾಗ್ರತೆ ಮಾಡಿದೆವು.

ಸ್ವಿಚ್ಚಿನ ಕೆಳಗೆ ಸಾಮಾನ್ಯವಾಗಿ ಒಂದು ಸಣ್ಣ ಕವಾಟ ಇರುತ್ತದಂತೆ, ಸ್ವಿಚ್ ಬಿಚ್ಚಿದರೆ ಅದೇ ಮುಚ್ಚಿಕೊಂಡು ಅನಿಲ ಉಳಿಯುತ್ತದೆ. ಅಪ್ಪ ಅರ್ಧ ಸುತ್ತು ತಿರುಗಿಸಿ ಕಿವಿ ಕೊಟ್ಟರು. ಉಸ್ ಎನ್ನುವ ಸದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ.

"ಇಲ್ಲಿ ವಾಲ್ವೇ ಇಟ್ಟಿಲ್ಲ ಪಾಪಿಗಳು."

ಎಲ್ಲ ಅನಿಲ ಹೋಯಿತು. ಸುತ್ತಿದ್ದ ಬಟ್ಟೆ ಎಣ್ಣೆಯ ಮಂಜಿನಿಂದ ಒದ್ದೆಯಾಗಿತ್ತು. ಅಪ್ಪ ಬಟ್ಟೆಯನ್ನು ಹಿಂಡಿ ನೋಡಿದರು, ಮೂಸಿದರು, ಎರಡು ಬೆರಳ ನಡುವೆ ತಿಕ್ಕಿದರು. ಹೊಸ ಸ್ವಿಚ್ಚಿನ ರಬ್ಬರು ಬಳೆಗೆ ಒಂದು ಹನಿ ಸವರಿ ಕೈಯಲ್ಲಿ ಬಿಗಿದು, ಆಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು. ಪರಿಚಯದ ಫ್ರಿಜ್ಜಿನವನ ಪಂಪು ತಂದಿದ್ದರು. ಕೊಳವೆಯೊಳಗಿನ ಗಾಳಿಯನ್ನೆಲ್ಲ ಎಳೆಯಲು ಅದು ಒಂದು ಗಂಟೆ ಓಡಿತು. ಅರ್ಧ ಗಂಟೆ ಸುಮ್ಮನೆ ಬಿಟ್ಟು ಮುಳ್ಳು ಏರುತ್ತದೆಯೇ ನೋಡಿದರು. ಏರಲಿಲ್ಲ. ಆಮೇಲೆ ಎಣ್ಣೆ.

"ಎಷ್ಟ್ ಹೋಗಿದ್ಯೋ ಅಷ್ಟು. ಎಣ್ಣೆ, ಅರವತ್ತು ಎಂಎಲ್."

"ಎಣ್ಣೆ, ಅರವತ್ತು ಎಂಎಲ್. ಯಾವ ಎಣ್ಣೆ ಅಂತ ಬರೀಲಾ?"

"ಬರಿ. ಸೀಸೆ ಮೇಲಿದ್ಯಲ್ಲ, ಹಂಗೇ ಬರಿ."

ಸೀಸೆಯ ಮೇಲಿದ್ದ ಹೆಸರು, ಅಂಕಿ, ತಯಾರಾದ ತಿಂಗಳು ಎಲ್ಲ ಬರೆದು ತಿರುಗಿ ಹೇಳಿದೆ. ಅಪ್ಪ "ಹ್ಞೂಂ" ಅಂದರು. ಕೊನೆಗೆ ತಕ್ಕಡಿಯ ಮೇಲೆ ಡಬ್ಬಿ ಇಟ್ಟು ಐನೂರ ಐವತ್ತು ಗ್ರಾಮ್ ಅನಿಲ. ಹನ್ನೊಂದೂ ಇಪ್ಪತ್ತಕ್ಕೆ ಎಸಿ ಹಾಕಿದೆವು. ಹೊರಗೆ ಮೂವತ್ತೊಂಬತ್ತು, ಒಳಗೆ ಬರುವ ಗಾಳಿ ಒಂಬತ್ತು ಡಿಗ್ರಿ. ಒಂದೂವರೆ ಗಂಟೆ ನಿಲ್ಲದೆ ಓಡಿತು. ಷೆಡ್ಡಿನ ಪದ್ಧತಿಯಂತೆ ಅಪ್ಪ ಹಳದಿ ಬಣ್ಣದಲ್ಲಿ ಬಾನೆಟ್ಟಿನ ಒಳಮೈಗೆ ಕೆಲಸ ಮಾಡಿದ ತಾರೀಖು, ಮುಂದೆ ನೋಡಬೇಕಾದ ತಾರೀಖು, ಷೆಡ್ಡಿನಲ್ಲಿ ಕೆಲಸಗಾರರಿಗೆ ಕೊಡುವ ತಮ್ಮ ಟಿಕೆಟ್ ನಂಬರು ಬರೆದರು. ನಿವೃತ್ತಿಯಾದವರಿಗೆ ಟಿಕೆಟ್ ನಂಬರು ಇರುವುದಿಲ್ಲ.

ಸೋಮವಾರದಿಂದ ಗುರುವಾರ, ನಾಲ್ಕು ದಿನ. ನಾಲ್ಕೂ ದಿನ ಎಂಟು ಮುಕ್ಕಾಲಿನೊಳಗೆ ಅಕ್ಕ ತನ್ನ ಕುರ್ಚಿಯಲ್ಲಿ. ಮಂಗಳವಾರ ಅವಳು ವ್ಯಾನಿನಿಂದ ಲಿಫ್ಟಿನ ತನಕ ಕೋಲು ಹಿಡಿದು ನಡೆದಳು, ಐವತ್ತೆರಡು ಹೆಜ್ಜೆ. ಬುಧವಾರ ಹನ್ನೊಂದು ಮಕ್ಕಳನ್ನು ನೋಡಿದಳು. ಅವಳ ವಿದ್ಯೆಯ ಗುಟ್ಟುಗಳನ್ನು ದಾರಿಯಲ್ಲಿ ನನಗೆ ಹೇಳುತ್ತಿದ್ದಳು. ಮಕ್ಕಳು ಮೋಸಗಾರರು, ಕೇಳಿಸದಿದ್ದರೂ ನಮ್ಮನ್ನು ಸಂತೋಷಪಡಿಸಲು ಕೈ ಎತ್ತುತ್ತವೆ. ಹಾಗಾಗಿ ಸದ್ದು ಬಿಡುವಾಗ ಒಂದು ಸಲ ಬೇಗ, ಒಂದು ಸಲ ತಡ ಮಾಡಬೇಕು, ಲಯ ಸಿಕ್ಕಿಬಿಟ್ಟರೆ ಮಗು ಕಿವಿ ಬಿಟ್ಟು ಲಯಕ್ಕೇ ಕೈ ಎತ್ತುತ್ತದೆ ಎಂದಳು. ಗುರುವಾರ ರಾತ್ರಿ ಊಟದಲ್ಲಿ ಅಪ್ಪನಿಗೆ ಎರಡನೆಯ ಸಲ ಸಾರು ಬಡಿಸುತ್ತ, "ಫೋರ್‌ಮನ್ ಇದ್ದಿದ್ರೆ ಚಪ್ಲಿ ವಾಪಸ್ ಕೊಡ್ತಿದ್ದ," ಅಂದಳು. ಉಳಿದದ್ದು ಎಂಟು ದಿನ, ಒಂದು ಚೌಕ.

ಶುಕ್ರವಾರ, ಮೇ ಎಂಟು, ಏಳು ಗಂಟೆಗೆ ಅಕ್ಕನನ್ನು ಒಳಗೆ ಕೂರಿಸಿ ಗುಂಡಿ ಒತ್ತಿದೆ. ವ್ಯಾನು ಎಚ್ಚರಗೊಳ್ಳಲಿಲ್ಲ. ಮುಂದಿನ ಪಟ್ಟಿಯಲ್ಲಿ ಕೆಂಪು ದೀಪ, ಕೂಡಲೇ ನಿಲ್ಲಿಸಿ ಎಂಬ ಸಾಲು. ಎಂಟು ಸಲ ಒತ್ತಿದೆ. ಮುಚ್ಚಿದ ವ್ಯಾನಿನೊಳಗೆ ಎಂಟು ಸಲಕ್ಕೆ ಹಿಡಿದ ಹೊತ್ತಿನಲ್ಲೇ ಅಕ್ಕನ ಬಲಗಣ್ಣು ಮಂಜಾಗತೊಡಗಿತ್ತು.

"ಪೋದುಮ್, ವಿಡು," ಅಂದಳು. ನನ್ನೊಡನೆ ಅವಳು ಹೆಚ್ಚಾಗಿ ತಮಿಳಿನಲ್ಲೇ ಮಾತಾಡುವುದು. ಸಾಕು, ಬಿಡು. ಒಳಗೆ ಕರೆತಂದು ಮಲಗಿಸಿದೆ. ಆರನೆಯ ಚೌಕ ತುಂಬಿತು.

ಮರುದಿನ ಎರಡನೆಯ ಶನಿವಾರ, ಚಿಕಿತ್ಸಾಲಯಕ್ಕೆ ರಜೆ. ಸರ್ವಿಸ್ ಸೆಂಟರಿನಿಂದ ಒಬ್ಬ ಮೆಕ್ಯಾನಿಕ್ ಮನೆಗೇ ಬಂದ. ಮೂವತ್ತರ ಆಸುಪಾಸಿನವನು, ಹೊಸೂರಿನ ಕಡೆಯವನು. ನಮ್ಮ ಮಾತು ಕೇಳಿ ತಾನೂ ಕನ್ನಡಕ್ಕೆ ಬಂದ. ಲ್ಯಾಪ್‌ಟಾಪು ಜೋಡಿಸಿದ, ಒಂದು ಮೀಟರು ಹಿಡಿದು ಕಿತ್ತಳೆ ತಂತಿಗಳನ್ನು ಒಂದೊಂದಾಗಿ ಬಿಡಿಸಿ ಅಳೆದ. ಕಂಪ್ರೆಸರಿನ ತಂತಿ ಬಿಡಿಸಿದಾಗ ಕೆಂಪು ದೀಪ ಹೋಯಿತು. ಮತ್ತೆ ಹಾಕಿದಾಗ ಬಂತು.

"ಕಂಪ್ರೆಸರ್ ಒಳಗಿಂದ ಗಾಡಿ ಮೈಗೆ ಕರೆಂಟ್ ಲೀಕಾಗ್ತೈತೆ ಸಾರ್. ಅದಕ್ಕೇ ಗಾಡಿ ತಾನೇ ಲಾಕ್ ಮಾಡ್ಕೊಂಡೈತೆ." ಬಾನೆಟ್ಟಿನ ಹಳದಿ ಬರಹ ನೋಡಿದ. "ಇದ್ಯಾರು ಕೆಲಸ ಮಾಡಿದ್ದು?"

"ನಾನೇ," ಅಂದರು ಅಪ್ಪ. "ಪ್ರೆಷರ್ ಸ್ವಿಚ್ ಬದಲಾಯಿಸ್ದೆ. ಮೂವತ್ನಾಲ್ಕು ವರ್ಷ ಎಸಿ ಕೋಚಲ್ಲಿದ್ದೆ."

ಅವನು ಸ್ವಿಚ್ ನೋಡಿದ. "ಸ್ವಿಚ್ ಕೆಲಸ ನೀಟಾಗಿ ಮಾಡಿದ್ದೀರ ಸಾರ್," ಅಂದ, ಮರ್ಯಾದೆಯಿಂದಲೇ. "ಆಯಿಲ್ ಏನಾದ್ರೂ ಹಾಕಿದ್ರಾ?"

"ಸ್ವಲ್ಪ."

"ಯಾವ್ದು? ಎಷ್ಟು?"

ಅಪ್ಪ ಒಂದು ಕ್ಷಣ ತಡೆದರು. ಹೆಸರು ನೆನಪಿಗೆ ಬರದೆ ತಡೆದರೋ, ಬೇರೆ ಏನಾದರೂ ಹೊಳೆದು ತಡೆದರೋ ನನಗೆ ಗೊತ್ತಿಲ್ಲ. ನಾನು ನೋಟ್‌ಬುಕ್ಕು ತೆರೆದು ಓದಿದೆ. ಎಣ್ಣೆಯ ಹೆಸರು, ಅಂಕಿ, ಸೀಸೆಯ ತಿಂಗಳು, ಅರವತ್ತು ಎಂಎಲ್, ಬೆಳಗ್ಗೆ ಹತ್ತೂ ಐದು. ಸ್ಪಷ್ಟವಾಗಿ ಓದಿದೆ, ಷೆಡ್ಡಿನವರ ಹಾಗೆ.

ಅವನು "ಅಯ್ಯೋ" ಎಂದು ಮೆಲ್ಲಗೆ ಅಂದು, ಮಂಡಿಯೂರಿ, ಕಂಪ್ರೆಸರಿನ ಕೆಳಹೊಟ್ಟೆಯ ಧೂಳನ್ನು ಬೆರಳಿನಿಂದ ಒರೆಸಿದ. ಅಲ್ಲಿ ಒಂದು ಸಣ್ಣ ಚೀಟಿ ಇತ್ತು, ಯಾವ ಎಣ್ಣೆ ಮಾತ್ರ ಹಾಕಬೇಕು ಎಂದು. ನಮ್ಮದು ಅದಲ್ಲ.

ಅವನು ವಿವರಿಸಿದ್ದು ಇಷ್ಟು. ಸಾಮಾನ್ಯ ಕಾರಿನಲ್ಲಿ ಕಂಪ್ರೆಸರನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟು. ಈ ವ್ಯಾನಿನಲ್ಲಿ ಮೋಟಾರು ಕಂಪ್ರೆಸರಿನ ಒಳಗೇ ಇದೆ. ಅದೇ ಅನಿಲ, ಅದೇ ಎಣ್ಣೆ ಅದರ ತಾಮ್ರದ ಸುರುಳಿಯ ಮೇಲೆ ಹರಿಯುತ್ತದೆ. ಆದ್ದರಿಂದ ಇದರ ಎಣ್ಣೆ ವಿದ್ಯುತ್ತನ್ನು ತಡೆಯುವಂಥದ್ದಾಗಿರಬೇಕು. ಕಾರಿನ ಎಣ್ಣೆ ತಡೆಯುವುದಿಲ್ಲ, ಮೆಲ್ಲಗೆ ಹಾಯಲು ಬಿಡುತ್ತದೆ. ನಾವು ಕಿತ್ತಳೆ ತಂತಿಯ ಹತ್ತಿರ ಬೆರಳೊಯ್ಯದೆ ಕೆಲಸ ಮಾಡಿ, ಅದರ ಕರೆಂಟಿಗೆ ಒಳಗಿನಿಂದಲೇ ದಾರಿ ಮಾಡಿಕೊಟ್ಟಿದ್ದೆವು.

"ನಮ್ ಕೋಚಲ್ಲಿ ಮೋಟಾರ್ ಬೇರೆ, ಕಂಪ್ರೆಸರ್ ಬೇರೆ, ನಡುವೆ ಬೆಲ್ಟು," ಅಂದರು ಅಪ್ಪ. "ಗ್ಯಾಸ್ ನೋಡಿ ಎಣ್ಣೆ ಹಾಕೋದು. ಎಲ್ಲ ಒಂದೇ ಡಬ್ಬಿಯೊಳಗಿರೋ ಹೊಸ ಮಾಡೆಲ್ ಬಂದಾಗ ಅದನ್ನ ಬೇರೆ ಷೆಡ್ಡಿಗೆ ಕೊಟ್ರು. ನಮ್ಗ್ ಕೊಡ್ಲಿಲ್ಲ." ಇದನ್ನು ಅವನಿಗೆ ಹೇಳಿದರೋ ತಮಗೇ ಹೇಳಿಕೊಂಡರೋ.

"ತೊಳೆದ್ರೆ ಆಗಲ್ವಾ?" ಅಂತ ಕೇಳಿದೆ.

"ಸುರುಳಿಗೆ ಹತ್ಕೊಂಡ್ಬಿಟ್ಟೈತಮ್ಮ. ಕಂಪ್ರೆಸರು, ಮುಂದಿನ ಜಾಲರಿ, ಪೈಪು, ಎಲ್ಲಾ ಹೊಸದು ಹಾಕ್ಬೇಕು. ಐಟಂ ಬರಕ್ಕೆ ಆರು ವಾರ, ಎಂಟು ವಾರ." ಸ್ವಲ್ಪ ಯೋಚಿಸಿ, "ಎಸಿ ಕಡಿದು ಗಾಡಿ ಮಾತ್ರ ಓಡೋ ಹಂಗೆ ಮಾಡ್ಬೋದು. ಆಫೀಸಲ್ಲಿ ಕೇಳ್ಬೇಕು, ಒಪ್ತಾರೋ ಇಲ್ವೋ," ಅಂದ.

"ನಮ್ಗ್ ಬೇಕಾಗಿರೋದು ಎಸಿನೇ ಕಣಪ್ಪ," ಅಂದರು ಅಪ್ಪ. "ಗಾಡಿ ಅಲ್ಲ."

ಅವನು ಹೋದ ಮೇಲೆ ಅಪ್ಪ ಬಾನೆಟ್ ಮುಚ್ಚಿ, ಕೈ ತೊಳೆದು, ನೇರವಾಗಿ ಅಕ್ಕನ ಕೋಣೆಗೆ ಹೋದರು. ಅವಳಿಗೆ ಏನು ಹೇಳಬೇಕು ಎಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ. ಭಾಗ ಸಿಗಲಿಲ್ಲ ಎಂದರೆ ನಂಬುತ್ತಿದ್ದಳು. ಅಪ್ಪ ನಿಂತೇ ಹೇಳಿದರು.

"ನಾನ್ ತಪ್ಪು ಎಣ್ಣೆ ಹಾಕ್ಬಿಟ್ಟೆ ಮಗಾ. ಗಾಡಿ ಹೋಯ್ತು."

"ಎಷ್ಟು ಹಾಕ್ದೆ?"

"ಅರವತ್ತು ಎಂಎಲ್."

ಅಕ್ಕ ಛಾವಣಿ ನೋಡಿದಳು. "ಒಂದು ಲೋಟ ಕಾಫಿಗೆ ಹಾಕೋ ಡಿಕಾಕ್ಷನ್ನು," ಅಂದಳು. ಆಮೇಲೆ, "ಬಾಗ್ಲು ಹಾಕ್ಕೊಂಡು ಹೋಗಪ್ಪ, ತಂಪು ಹೋಗತ್ತೆ."

ಯಾಕೆ ಓದಿದೆ ಎಂದು ಅಪ್ಪ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಉತ್ತರ ಇತ್ತು: ಓದದಿದ್ದರೂ ಅವನು ಮೀಟರಿನಲ್ಲಿ ಕಂಡುಹಿಡಿಯುತ್ತಿದ್ದ, ಓದಿದ್ದರಿಂದ ಏನೂ ಕೆಡಲಿಲ್ಲ. ಇದು ನಿಜ. ಅವರ ಎದುರಿಗೆ ಅಷ್ಟು ಗಟ್ಟಿಯಾಗಿ ಓದುವ ಅಗತ್ಯ ಇರಲಿಲ್ಲ ಎನ್ನುವುದೂ ನಿಜ. ಮತ್ತೆ ಆ ಭಾನುವಾರ ಸೀಸೆಯ ಚೀಟಿಯನ್ನು ಅಕ್ಷರ ಅಕ್ಷರ ನಕಲು ಮಾಡಿದವಳು, ಕಂಪ್ರೆಸರಿನ ಮೇಲೆಯೂ ಒಂದು ಚೀಟಿ ಇರಬಹುದೇ ಎಂದು ಬಗ್ಗಿ ನೋಡಲಿಲ್ಲ. ನಾನು ಬರೆದುಕೊಂಡದ್ದು ಅಪ್ಪ ಹೇಳಿದ್ದನ್ನು ಮಾತ್ರ.

ಡಾಕ್ಟರಿಗೆ ಫೋನು ಮಾಡಿ ಒಂದು ವಾರ ಕೇಳೋಣ ಎಂದೆ. ಅಕ್ಕ ಬೇಡ ಎಂದಳು. ಸೋಮವಾರ ಬಾಡಿಗೆ ಕಾರಿನಲ್ಲೇ ಹೋಗುವುದಾಗಿ ಹಟ ಹಿಡಿದಳು.

ಮೇ ಹನ್ನೊಂದು. ಆರು ಮುಕ್ಕಾಲಿನಿಂದ ಕಾರು ಕರೆದೆ. ನಾಲ್ಕು ರದ್ದು. ಐದನೆಯವನು ಏಳೂ ಮೂವತ್ತೈದಕ್ಕೆ ಬಂದ, ಒಳ್ಳೆಯವನು, ಅಕ್ಕನನ್ನು ಎತ್ತಿ ಕೂರಿಸಲು ಕೈ ಕೊಟ್ಟ, ಎಸಿಯನ್ನೂ ಹಾಕಿದ. ಹಿಂದಿನ ಸೀಟಿಗೆ ತಂಪು ತಲುಪುತ್ತಿರಲಿಲ್ಲ. ಕತ್ತಿಪಾರದ ಹತ್ತಿರ ವಾಹನಗಳು ಇಪ್ಪತ್ತು ನಿಮಿಷ ಕದಲಲಿಲ್ಲ. ಸೈದಾಪೇಟೆ ದಾಟುವಾಗಲೇ ಅಕ್ಕ ಐಸಿನ ಪೊಟ್ಟಣವನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ಬಾಗಿಲಲ್ಲಿ ಇಳಿಸಿದಾಗ ಒಂಬತ್ತೂ ಹನ್ನೆರಡು. ಕಾಲು ಎರಡೂ ಅವಳ ಮಾತು ಕೇಳುತ್ತಿರಲಿಲ್ಲ. ಕಾವಲುಗಾರ, ಡ್ರೈವರು, ನಾನು ಸೇರಿ ಎತ್ತಿದೆವು.

ಸದ್ದು ತಡೆಯುವ ಗೋಡೆಗಳ ಆ ಪರೀಕ್ಷಾ ಕೋಣೆಯೇ ಅಲ್ಲಿ ಎಲ್ಲಕ್ಕಿಂತ ತಂಪಾದ ಜಾಗ. ಅವಳನ್ನು ಅದರೊಳಗೆ ನೆಲದ ಮೇಲೆ ಮಲಗಿಸಿದೆವು. ಡಾಕ್ಟರು ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಮೇ ಹದಿನೆಂಟರಿಂದ ಇನ್ನೊಬ್ಬರು ಬರುತ್ತಾರೆ, ಮಾತಾಗಿದೆ, ನೀವು ಮೊದಲು ಆರೋಗ್ಯ ನೋಡಿಕೊಳ್ಳಿ ಎಂದು ತಮಿಳಿನಲ್ಲಿ ಹೇಳಿದರು. ಅಕ್ಕ "ಸರಿ ಡಾಕ್ಟರ್" ಅಂದಳು. ಅವಳು ನೋಡಿದ್ದು ಅವರು ಇದ್ದ ದಿಕ್ಕಿಗಿಂತ ಸ್ವಲ್ಪ ಪಕ್ಕಕ್ಕೆ.

ಹತ್ತು ಗಂಟೆಗೆ ಒಂದು ಮಗು ಬಂತು, ಐದು ವರ್ಷದ ಹುಡುಗಿ. ರಾಯಪುರಂನಿಂದ ಎರಡು ಬಸ್ಸು ಬದಲಾಯಿಸಿ ತಾಯಿ ಕರೆತಂದಿದ್ದರು. ಪರೀಕ್ಷೆಗೆ ಕೋಣೆ ಬೇಕಾಯಿತು. ಅಕ್ಕನನ್ನು ಎತ್ತಿ ಹೊರಗೆ ಓಣಿಯ ಬೆಂಚಿನ ಮೇಲೆ ಮಲಗಿಸಿದೆವು. ಪಕ್ಕದಲ್ಲೇ ಯಂತ್ರ ಇರುವ ಕೋಣೆ, ಬಾಗಿಲು ಅರ್ಧ ತೆರೆದಿತ್ತು. ಗಾಜಿನಾಚೆ ಮಗು ಕಿವಿಗೆ ದೊಡ್ಡ ಬಿಲ್ಲೆಗಳನ್ನು ಹಾಕಿಕೊಂಡು ಕೂತಿತ್ತು. ಈಚೆ ಡಾಕ್ಟರೇ ಗುಂಡಿ ಒತ್ತುತ್ತಿದ್ದರು. ಸದ್ದು ನಮಗೆ ಕೇಳುವುದಿಲ್ಲ, ಗುಂಡಿಯ ಟಿಕ್ ಮಾತ್ರ ಕೇಳುತ್ತದೆ. ಮಗು ಪ್ರತಿ ಸಲ ಕೈ ಎತ್ತುತ್ತಿತ್ತು. ತಾಯಿ ನಗುತ್ತಿದ್ದರು.

ಅಕ್ಕ ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹಿಡಿದಳು.

"ಒಂದೇ ಅಂತರದಲ್ಲಿ ಒತ್ತುತ್ತಾ ಇದಾರೆ. ಎಣಿಸು."

ಎಣಿಸಿದೆ. ಟಿಕ್, ಮೂರು ಸೆಕೆಂಡು, ಟಿಕ್, ಮೂರು ಸೆಕೆಂಡು. ಒಂಬತ್ತು ಸಲ.

"ಮಗು ಕೈ ಎತ್ತುತ್ತಾ ಇದ್ಯಾ?"

"ಹ್ಞೂಂ. ಪ್ರತಿ ಸಲ."

"ಕೇಳಿಸದೇ ಇದ್ರೂ ಎತ್ತುತ್ತಾ ಇರಬಹುದು. ಹೋಗಿ ಹೇಳು ಅವರಿಗೆ."

ಹೋಗಿ ಹೇಳಿದೆ. ಡಾಕ್ಟರು ತಲೆಯಾಡಿಸಿ, "ಸರಿಮ್ಮಾ, ಥ್ಯಾಂಕ್ಸ್," ಅಂದರು. ಮುಂದಿನ ಸಲ ತಡೆದು ಒತ್ತಿದರು, ಅದರ ಮುಂದಿನದು ಬೇಗ. ತಡೆದಾಗ ಮಗು ಸದ್ದಿಗೆ ಮುಂಚೆಯೇ ಕೈ ಎತ್ತಿದ್ದನ್ನು ನಾನು ಕಂಡೆ. ಅವರು ಆಗ ಹಾಳೆಯ ಮೇಲೆ ಗುರುತು ಹಾಕುತ್ತಿದ್ದರು. ಹೊರಗೆ ಇನ್ನೂ ಏಳು ತಾಯಂದಿರು ಕಾಯುತ್ತಿದ್ದರು. ಮೂರನೆಯದರಿಂದ ಗುಂಡಿಯ ಟಿಕ್ ಮತ್ತೆ ಮೊದಲಿನ ಅಂತರಕ್ಕೇ ಬಂತು.

ಬೆಂಚಿಗೆ ವಾಪಸು ಬಂದೆ. ಅಕ್ಕ ಟಿಕ್ ಟಿಕ್ ಕೇಳಿಸಿಕೊಳ್ಳುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು. ಬಿಸಿಲು ಇಳಿದು ಅವಳನ್ನು ಮನೆಗೆ ಒಯ್ಯುವಂತಾಗಲು ಇನ್ನೂ ಏಳೂವರೆ ಗಂಟೆ ಇತ್ತು.